ಎಲೆಗೊಂದು ಸೇವ್

ಮಡಕಶಿರಾ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಉಷಾರಾಣಿಯ ಬ್ಲೌಸ್ ಅಂಗಡಿಗೆ ಬಂದವರೆಲ್ಲ ಮೊದಲು ನೋಡುವುದು ಎಂಬ್ರಾಯ್ಡರಿ ಮಿಷನ್ನನ್ನು. ಹನ್ನೆರಡು ಸೂಜಿ, ಹನ್ನೆರಡು ಬಣ್ಣದ ದಾರ, ಯಾರೂ ಮುಟ್ಟದೆ ತಾನೇ ಅತ್ತಿತ್ತ ಓಡುವ ಚೌಕಟ್ಟು. ಮದುವೆಗೆ ನಿಂತ ಹುಡುಗಿಯರು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು. ಆ ಮಿಷನ್ನಿಗೆ ಬುದ್ಧಿ ಹೇಳುವ ಲ್ಯಾಪ್‌ಟಾಪು ಮಾತ್ರ ಮೂಲೆಯ ಮೇಜಿನ ಮೇಲೆ, ದುರ್ಗಾಳ ಬೆನ್ನಿನ ಮರೆಯಲ್ಲಿರುತ್ತಿತ್ತು. ಅದನ್ನು ಯಾರೂ ನೋಡುತ್ತಿರಲಿಲ್ಲ. ದುರ್ಗಾಳನ್ನೂ ನೋಡುತ್ತಿರಲಿಲ್ಲ. ಅವಳಿಗೆ ಅದೇ ಹಿತವಾಗಿತ್ತು.

ಲ್ಯಾಪ್‌ಟಾಪಿಗೆ ವಯಸ್ಸಾಗಿತ್ತು. ಎಡಗಡೆಯ ಕೀಲು ಮುರಿದು ಪರದೆ ಹಿಂದಕ್ಕೆ ಬೀಳುತ್ತಿತ್ತು. ದುರ್ಗಾ ಅದಕ್ಕೆ ಖಾಲಿಯಾದ ದಾರದ ಕೋನೊಂದನ್ನು ಒತ್ತು ಕೊಟ್ಟಿದ್ದಳು. ಚಾರ್ಜರಿನ ತಂತಿಯನ್ನು ಒಂದು ಸುತ್ತು ತಿರುಗಿಸಿ, ಕತ್ತರಿಯ ಭಾರ ಹೇರಿದರೆ ಮಾತ್ರ ಕರೆಂಟು ಹಿಡಿಯುತ್ತಿತ್ತು. ಬ್ಯಾಟರಿ ಸತ್ತು ಮೂರು ವರ್ಷ. ಊರಿನಲ್ಲಿ ಕರೆಂಟು ಹೋದರೆ ಅದೂ ಹೋಗುತ್ತಿತ್ತು, ಅರ್ಧ ಬರೆದ ನವಿಲಿನ ಡಿಸೈನೂ ಅದರ ಜೊತೆಗೇ ಹೋಗುತ್ತಿತ್ತು. ಎರಡು ನವಿಲು ಹೋದ ಮೇಲೆ ದುರ್ಗಾ ಒಂದು ರೂಢಿ ಮಾಡಿಕೊಂಡಳು. ಬಳ್ಳಿಗೆ ಒಂದು ಎಲೆ ಬರೆಯುವುದು, ಸೇವ್ ಒತ್ತುವುದು. ಇನ್ನೊಂದು ಎಲೆ, ಇನ್ನೊಂದು ಸೇವ್. ಬಲಗೈ ಎಲೆ ಬರೆಯುವಾಗಲೇ ಎಡಗೈ ಬೆರಳುಗಳು ಸೇವ್ ಕೀಲಿಗಳ ಮೇಲೆ ಹೋಗಿ ಕಾದು ಕೂತಿರುತ್ತಿದ್ದವು.

ಇದನ್ನೆಲ್ಲ ಅವಳಿಗೆ ಯಾರೂ ಕಲಿಸಿರಲಿಲ್ಲ. ಅಗಳಿ ಕಡೆಯ ಊರಿನವಳು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಬ್ಲೌಸಿಗೆ ಹುಕ್ಸು ಹಾಕಲು ಇಲ್ಲಿಗೆ ಬಂದಾಗ ಹದಿನೈದು ವರ್ಷ. ಆಗ ಹಿಂದೂಪುರದಿಂದ ಒಬ್ಬ ಆಪರೇಟರ್ ಬಂದು ಡಿಸೈನ್ ಬರೆದುಕೊಟ್ಟು ಹೋಗುತ್ತಿದ್ದ. ಅವನ ಹಿಂದೆ ಕೂತು ಹುಕ್ಸು ಹಾಕುತ್ತ ದುರ್ಗಾ ಅವನ ಕೈ ನೋಡುತ್ತಿದ್ದಳು. ಒಂದು ಮದುವೆಯ ಹೊತ್ತಿಗೆ ಆತ ಬರಲೇ ಇಲ್ಲ. ಉಷಾರಾಣಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಹಿಂದಿನಿಂದ "ನಾನು ನೋಡ್ಲಾ ಅಕ್ಕ?" ಎಂಬ ಸಣ್ಣ ದನಿ ಬಂತು. ಅದಾಗಿ ಆರು ವರ್ಷ. ಗಿರಾಕಿಗಳು ಫೋನಿನಲ್ಲಿ ಯಾವ ಚಿತ್ರ ತೋರಿಸುತ್ತಾರೋ ಅದನ್ನು ನೋಡಿ ಹಾಗೇ ಇಳಿಸುವುದು ಅವಳ ಕೆಲಸ.

ಈ ವರ್ಷ ವೈಶಾಖದ ಮದುವೆಗಳು ಹತ್ತಿರ ಬರುತ್ತಿದ್ದಂತೆ ಲ್ಯಾಪ್‌ಟಾಪು ಬಿಸಿಯಾಗಿ ತಾನೇ ಆರಿಹೋಗತೊಡಗಿತು. ದಿನಕ್ಕೆ ಮೂರು ಸಲ, ನಾಲ್ಕು ಸಲ. ದುರ್ಗಾ ಹಿಂಬದಿ ಬಿಚ್ಚಿ ಫ್ಯಾನು ಒರೆಸಿದಳು. ಕೆಂಪು, ಹಸಿರು, ಹಳದಿ ದಾರದ ನವಿರು, ಜರಿಯ ಚೂರು, ಎಲ್ಲ ಉದುರಿತು. ಎರಡು ದಿನ ಸುಮ್ಮನಿದ್ದ ಲ್ಯಾಪ್‌ಟಾಪು ಮತ್ತೆ ಶುರುಮಾಡಿತು. ರತ್ನಗಿರಿಯ ಮದುವಣಗಿತ್ತಿಯೊಬ್ಬಳ ಬ್ಲೌಸು ತೋಳಿನ ಹತ್ತಿರ ನಿಂತುಹೋದ ದಿನ ಉಷಾರಾಣಿ ತೀರ್ಮಾನಕ್ಕೆ ಬಂದಳು. ಮಡಕಶಿರಾಕ್ಕೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷವಾದರೂ ಅವಳ ಮಾತು ಮಾತ್ರ ತವರಿನದೇ, ರಾಯದುರ್ಗದ್ದೇ.

"ಸಾಕವ್ವ ಇದರ ಚಾಕರಿ. ನಮ್ಮ ರಾಯದುರ್ಗದಾಗ ಸಿದ್ದರಾಮೇಶ ಅಂತ ಅದಾನ, ನಮ್ಮ ಓಣಿಯಾಂವ. ಬಳಸಿದ ಲ್ಯಾಪ್‌ಟಾಪು ತಂದು ರಿಪೇರಿ ಮಾಡಿ ಮಾರ್ತಾನ. ಹೊಸಾದು ತಗೊಳ್ಳಾಕ ನಾನೇನು ಎಮ್ಮೆಲ್ಲೆ ಹೆಂಡ್ತಿ ಅಲ್ಲ. ನೀ ಹೋಗಿ ಒಂದು ನೋಡಿಕೊಂಡು ಬಾ."

"ನಾನಾ ಅಕ್ಕ?"

"ಮತ್ತ ಆ ಮಿಷನ್ನು ಹೋಗ್ತೈತೇನು? ನನಗ ಲ್ಯಾಪ್‌ಟಾಪು ಆನ್ ಮಾಡೋದು ಗೊತ್ತು, ಆಫ್ ಮಾಡೋದು ಗೊತ್ತು. ಅದೂ ಈಗ ತಾನೇ ಆಫ್ ಆಗ್ತೈತಿ. ನೀ ಚಲೋ ಐತಿ ಅಂದ್ರ ರೊಕ್ಕ ಫೋನಿನ್ಯಾಗ ಹಾಕ್ತೀನಿ. ಬ್ಯಾಡಂದ್ರ ಬಿಟ್ಟೆ. ಇದನ್ನೂ ತಗೊಂಡು ಹೋಗು. ಡಿಸೈನೆಲ್ಲ ಅದಕ್ಕ ಹಾಕಿಸ್ಕೊಂಡು, ಇದನ್ನ ಎಕ್ಸ್‌ಚೇಂಜಿಗೆ ಅವನ ಕೊರಳಿಗೇ ಕಟ್ಟಿ ಬಾ."

ದುರ್ಗಾ ತಲೆಯಾಡಿಸಿದಳು. ಅವಳನ್ನು ಹೆದರಿಸಿದ್ದು ಒಬ್ಬಳೇ ರಾಯದುರ್ಗಕ್ಕೆ ಹೋಗಬೇಕೆಂಬುದಲ್ಲ. ಎಂಟು ದಿನದ ಹಿಂದೆ ಅವಳು ಮಿಷನ್ನಿನ ಕೆಳಗೆ ಕೂತು ದಾರದ ಕಸ ಆರಿಸುತ್ತಿದ್ದಾಗ ಉಷಾರಾಣಿ ತನ್ನ ಅಕ್ಕನೊಂದಿಗೆ ಅವಳ ಮಗಳ ಬಗ್ಗೆ ಫೋನಿನಲ್ಲಿ ಮಾತಾಡಿದ್ದಳು. "ರಮ್ಯಶ್ರೀ ಡಿಗ್ರಿ ಮುಗಿಸಿ ಮನ್ಯಾಗ ಸುಮ್ನ ಕುಂತಾಳಂದ್ರ ಇಲ್ಲಿಗೆ ಕಳ್ಸು. ಬ್ಯಾರೆ ಲ್ಯಾಪ್‌ಟಾಪು ತರಸ್ತೀನಿ, ಎರಡು ದಿನದಾಗ ಕಲೀತಾಳ. ಈ ಹಳೇದರ ಮುಂದ ದುರ್ಗಾನ್ನ ಬಿಟ್ಟು ಯಾರಿಗೂ ಕುಂದ್ರಾಕಾಗಂಗಿಲ್ಲ."

ಕೊನೆಯ ಆ ಮಾತು ದುರ್ಗಾಳ ತಲೆಯಿಂದ ಇಳಿದೇ ಇರಲಿಲ್ಲ. ಹಳೆಯದರ ಮುಂದೆ ಬೇರೆ ಯಾರೂ ಕೂರಲಾರರು. ತಂತಿ ತಿರುಗಿಸುವುದು, ಕತ್ತರಿ ಹೇರುವುದು, ಕೋನು ಇಡುವುದು, ಎಲೆಗೊಂದು ಸೇವ್ ಒತ್ತುವುದು ಅವಳೊಬ್ಬಳಿಗೇ ಗೊತ್ತು. ಆ ಲ್ಯಾಪ್‌ಟಾಪಿನಲ್ಲಿ ಎಷ್ಟು ಕೊರತೆಗಳಿದ್ದವೋ ಅಷ್ಟೂ ಅವಳ ಕೆಲಸಕ್ಕೆ ಕಾವಲು ನಿಂತಿದ್ದವು. ಎಲ್ಲ ಸರಿಯಿರುವ ಒಂದನ್ನು ಅವಳೇ ಹೋಗಿ, ನೋಡಿ, ಆರಿಸಿ ತರಬೇಕಾಗಿತ್ತು.

ಬೆಳಗಿನ ಮೊದಲ ಬಸ್ಸಿಗೆ ಹೊರಟಳು. ಪಾವಗಡದಲ್ಲೊಮ್ಮೆ, ಕಲ್ಯಾಣದುರ್ಗದಲ್ಲೊಮ್ಮೆ ಬಸ್ಸು ಬದಲಿಸಿದಳು. ಲೈನಿಂಗ್ ಬಟ್ಟೆಯಲ್ಲಿ ಸುತ್ತಿದ ಲ್ಯಾಪ್‌ಟಾಪನ್ನು ಮೇಲಿನ ಕಂಬಿಗೆ ಹಾಕದೆ ತೊಡೆಯ ಮೇಲೇ ಇಟ್ಟುಕೊಂಡಳು. ಕಿಟಕಿಯಾಚೆ ಬೀಳುಬಿದ್ದ ಕಡಲೆಕಾಯಿ ಹೊಲಗಳು ಹಾದುಹೋದವು. 'ಚೆನ್ನಾಗಿಲ್ಲ ಅಕ್ಕ' ಎಂದುಬಿಟ್ಟರೆ ಆಯಿತಲ್ಲ, ಬೇರೇನೂ ಹೇಳಬೇಕಿಲ್ಲವಲ್ಲ ಎಂದುಕೊಂಡಳು. ಮರುಕ್ಷಣವೇ, ಯಾರೋ ಕೇಳಿಸಿಕೊಂಡರೇನೋ ಎಂಬಂತೆ ಪಕ್ಕದವರತ್ತ ನೋಡಿದಳು.

ರಾಯದುರ್ಗದ ಓಣಿಗಳಲ್ಲಿ ಎಲ್ಲಿ ನೋಡಿದರೂ ಜೀನ್ಸ್ ಪ್ಯಾಂಟುಗಳು. ಜಗಲಿಗಳ ಮೇಲೆ ಒಟ್ಟಿದ್ದವು, ಸ್ಕೂಟರುಗಳ ಮೇಲೆ ಗಂಟುಗಟ್ಟಿ ಹೋಗುತ್ತಿದ್ದವು, ಒಳಗಿನಿಂದ ಹೊಲಿಗೆ ಮಿಷನ್ನುಗಳ ಸದ್ದು ಬರುತ್ತಿತ್ತು. ಸಿದ್ದರಾಮೇಶನ ಅಂಗಡಿ ಅವನ ಮನೆಯ ಮುಂದಿನ ಕೋಣೆಯೇ. ಬಾಗಿಲಲ್ಲಿ ಅವನ ತಾಯಿ ದ್ಯಾಮಮ್ಮ ಪ್ಯಾಂಟುಗಳ ಗುಡ್ಡೆಯ ಮುಂದೆ ಕೂತು, ಹೊಲಿಗೆಯಿಂದ ಹೊರಗೆ ಉಳಿದ ದಾರದ ತುದಿಗಳನ್ನು ಪುಟ್ಟ ಕತ್ತರಿಯಿಂದ ಕತ್ತರಿಸಿ, ಸೈಜು ನೋಡಿ ಬೇರೆ ಬೇರೆ ಇಡುತ್ತಿದ್ದಳು. "ಮೂವತ್ತು. ಮೂವತ್ತೆರಡು. ಮೂವತ್ನಾಕು. ಮೂವತ್ತೆರಡು." ಮುದುಕಿಯ ಹತ್ತೂ ಬೆರಳ ತುದಿ ನೀಲಿ.

"ಯಾರ ಮನಿಯಾಕಿ ನೀ?"

"ಮಡಕಶಿರಾ. ಉಷಾರಾಣಿ ಅಕ್ಕ ಕಳಿಸವ್ರೆ."

"ಉಷಾನ? ಹೆಂಗದಾಳ? ದಪ್ಪ ಆಗ್ಯಾಳೇನು?"

ಏನು ಹೇಳಬೇಕೋ ತಿಳಿಯದೆ ದುರ್ಗಾ, "ಒಸಿ" ಎಂದಳು.

"ಒಸಿ ಅಂತ! ನೋಡಪಾ ಸಿದ್ದ, ಉಷಾ ಒಸಿ ದಪ್ಪ ಆಗ್ಯಾಳಂತ," ಎಂದು ಮುದುಕಿ ನಕ್ಕಳು.

ಸಿದ್ದರಾಮೇಶ ಕನ್ನಡಕವನ್ನು ಹಣೆಗೇರಿಸಿಕೊಂಡು ಹೊರಗೆ ಬಂದ. "ಬಾ ತಂಗಿ, ಕುಂದ್ರು. ಅಕ್ಕ ಫೋನ್ ಮಾಡಿದ್ರು. ನಿಮಗಂತ್ಲೇ ಒಂದು ತಗದಿಟ್ಟೀನಿ." ಬಟ್ಟೆ ಸರಿಸಿ ಕಪ್ಪು ಲ್ಯಾಪ್‌ಟಾಪೊಂದನ್ನು ಅವಳ ಮುಂದಿಟ್ಟ. "ನೋಡು. ಡಾಕ್ಟರ್ ಮಗಳದ್ದು. ಕೊರೊನಾದಾಗ ಆನ್‌ಲೈನ್ ಕ್ಲಾಸಿಗಂತ ತಗೊಂಡಿದ್ದು. ಆಕಿ ಓದಿದ್ದಕ್ಕಿಂತ ಮುಚ್ಚಿಟ್ಟದ್ದೇ ಹೆಚ್ಚು. ಹೂವಿನ್ಹಂಗ ಇಟ್ಟಾಳ."

ದುರ್ಗಾ ಮುಚ್ಚಳ ಎತ್ತಿದಳು. ಕೀಲು ಬಿಗಿಯಾಗಿತ್ತು. ಚಾರ್ಜರ್ ಕಿತ್ತಳು, ಪರದೆ ಆರಲಿಲ್ಲ. ಅವಳಿಗೆ ಅದು ವಿಚಿತ್ರವೆನಿಸಿತು. ಇನ್ನೊಮ್ಮೆ ಚುಚ್ಚಿ, ಇನ್ನೊಮ್ಮೆ ಕಿತ್ತು ನೋಡಿದಳು. ಆಮೇಲೆ ಕೀಲಿಗಳ ಮೇಲೆ ಕಣ್ಣಾಡಿಸಿದಳು. ಅಕ್ಷರಗಳೆಲ್ಲ ಹೊಸದಾಗಿಯೇ ಇದ್ದವು. ಅಂಕಿಗಳಲ್ಲಿ ಮಾತ್ರ ಮೂರರ ಗುರುತು ಅರ್ಧ ಅಳಿಸಿತ್ತು. ಎರಡು, ನಾಲ್ಕು, ಸೊನ್ನೆ ಸವೆದು ಹೊಳೆಯುತ್ತಿದ್ದವು. ಏಳು, ಒಂಬತ್ತನ್ನು ಯಾರೂ ಮುಟ್ಟಿದಂತಿರಲಿಲ್ಲ.

"ಮೂವತ್ನಾಕು," ಎಂದಳು ಬಾಗಿಲಲ್ಲಿ ದ್ಯಾಮಮ್ಮ. "ಮೂವತ್ತೆರಡು. ಮೂವತ್ತು."

ದುರ್ಗಾ ಲ್ಯಾಪ್‌ಟಾಪನ್ನು ತಿರುಗಿಸಿ, ಗಾಳಿ ಹೊರಗೆ ಬರುವ ಸೀಳುಗಳನ್ನು ಬೆಳಕಿಗೆ ಹಿಡಿದಳು. ತುರುಬಿನ ಪಿನ್ನು ತೆಗೆದು ಒಳಗೆ ಆಡಿಸಿದಳು. ಪಿನ್ನಿನ ತುದಿಗೆ ನೀಲಿ ನವಿರು ಹತ್ತಿಕೊಂಡು ಬಂತು. ಅವಳು ಅದನ್ನು ಬಹಳ ಹೊತ್ತು ನೋಡಿದಳು.

"ಅಣ್ಣ, ಒಂದು ಕೇಳ್ಲಾ?"

"ಕೇಳವ್ವ."

"ಇದು ಕ್ಲಾಸಿಗೆ ಇದ್ದಿದ್ದಲ್ಲ ಅನ್ಸುತ್ತೆ. ಗಾರ್ಮೆಂಟ್ಸಲ್ಲಿ ಇದ್ದಂಗೈತೆ."

"ಛೇ ಛೇ, ನಮ್ಮವ್ವ ಇಲ್ಲೇ ಪ್ಯಾಂಟು ಕೊಡವ್ತಾಳ ನೋಡು, ಅದರ ಧೂಳು ಬಿದ್ದಿರಬೇಕು."

"ಮೇಲೆ ಬಿದ್ದಿದ್ದಲ್ಲಣ್ಣ. ಒಳಗಡೆ ಗಟ್ಟಿಯಾಗೈತೆ, ಕಂಬಳಿ ತರ. ನಮ್ದೂ ಇಂಗೇ ಆಯ್ತದೆ. ನಮ್ದರಲ್ಲಿ ಬಣ್ಣ ಬಣ್ಣದ್ದು ಬತ್ತದೆ." ಸ್ವಲ್ಪ ತಡೆದು ಸೇರಿಸಿದಳು: "ಓದೋರು ಬರೇ ಮೂವತ್ತೆರಡು ಮೂವತ್ನಾಕು ಒತ್ತಲ್ಲ."

ಬಾಗಿಲಲ್ಲಿ ಕತ್ತರಿಯ ಸದ್ದು ನಿಂತಿತು. "ಲೇ ಸಿದ್ದ," ಎಂದಳು ದ್ಯಾಮಮ್ಮ, "ದೊಡ್ಡಬಸಪ್ಪನ ಗಾರ್ಮೆಂಟ್ಸು ಮುಚ್ಚಿದಾಗ ತಂದದ್ದಲ್ಲೇನೋ ಅದು? ಡಾಕ್ಟರ್ ಎಲ್ಲಿ ಸಿಕ್ಕಿದ್ನೋ ನಿನಗ? ಹೋದ ತಿಂಗಳ ನನ್ನ ಮೊಣಕಾಲಿಗೆ ಒಬ್ಬ ಡಾಕ್ಟರನ್ನ ಹುಡುಕೋ ಅಂದ್ರ ಒಬ್ಬನೂ ಸಿಗಲಿಲ್ಲ ನಿನಗ!"

ಸಿದ್ದರಾಮೇಶನ ಕಿವಿ ಕೆಂಪಾಯಿತು. ಕನ್ನಡಕವನ್ನು ಮೂಗಿಗಿಳಿಸಿ ಸ್ಕ್ರೂಡ್ರೈವರ್ ತೆಗೆದುಕೊಂಡ. ಹಿಂಬದಿ ಬಿಚ್ಚಿ, ಚಿಮಟದಿಂದ ಫ್ಯಾನಿನ ಪಕ್ಕದಲ್ಲಿದ್ದುದನ್ನು ಎಳೆದ. ಬೆರಳುದ್ದದ ನೀಲಿ ಪದರ ಇಡಿಯಾಗಿ ಕಳಚಿ ಬಂತು. ಅದನ್ನು ಪೇಪರಿನ ಮೇಲಿಟ್ಟ.

"ನಾಕು ವರ್ಷ ಕಟಿಂಗ್ ಸೆಕ್ಷನ್ನಿನ್ಯಾಗ ಇತ್ತವ್ವ," ಎಂದ. "ಮುಂಜಾನಿ ಹಚ್ಚಿದ್ರ ರಾತ್ರಿ ಆರಿಸೋದು. ಒಂದು ದಿನ ಕೈ ಕೊಟ್ಟಿಲ್ಲ, ಇದು ಮಾತ್ರ ಖರೇ. ಗಾರ್ಮೆಂಟ್ಸಂದ್ರ ಜನ ಮುಟ್ಟಂಗಿಲ್ಲ. ಡಾಕ್ಟರ್ ಮಗಳಂದ್ರ ಕೈ ತೊಳಕೊಂಡು ಮುಟ್ತಾರ. ನಾ ಏನ್ ಮಾಡ್ಲಿ ಹೇಳು."

ಫ್ಯಾನು ಒರೆಸಿ ಮುಚ್ಚಿದ. ಹಳೆಯದರಿಂದ ಸಾಫ್ಟ್‌ವೇರು, ಡಿಸೈನುಗಳು ಎಲ್ಲವನ್ನೂ ಹೊಸದಕ್ಕೆ ಸಾಗಿಸಿದ. ಆರು ವರ್ಷದ ನವಿಲು, ಬಳ್ಳಿ, ಮಾವಿನಕಾಯಿ, ಕಮಲ ಚಹಾ ಕುಡಿದು ಮುಗಿಸುವಷ್ಟರಲ್ಲಿ ಅತ್ತಿಂದ ಇತ್ತ ಬಂದಿದ್ದವು. ದುರ್ಗಾ ತನ್ನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ನವಿಲನ್ನು ತೆರೆದಳು. ಹಳೆಯದರಲ್ಲಿ ಅದನ್ನು ತೆರೆಯಲು ಬಿಟ್ಟು ಅವಳು ಎರಡು ಹುಕ್ಸು ಹಾಕಿ ಮುಗಿಸುತ್ತಿದ್ದಳು. ಇದರಲ್ಲಿ ಬೆರಳು ಎತ್ತುವ ಮುಂಚೆಯೇ ನವಿಲು ಗರಿ ಬಿಚ್ಚಿ ನಿಂತಿತ್ತು. ಅಂಗೈಯನ್ನು ಲ್ಯಾಪ್‌ಟಾಪಿನ ಅಡಿಗೆ ಇಟ್ಟು ನೋಡಿದಳು. ತಣ್ಣಗಿತ್ತು. ಅರ್ಧ ಗಂಟೆ ಬಿಟ್ಟು ನೋಡಿದಳು. ಆಗಲೂ ತಣ್ಣಗೇ ಇತ್ತು.

"ಅಕ್ಕಗ ಫೋನ್ ಹಚ್ಚು ಮತ್ತ," ಎಂದು ಸಿದ್ದರಾಮೇಶ ಒಳಗೆ ಹೋದ.

ದುರ್ಗಾ ಫೋನು ಹಿಡಿದು ಕೂತಳು. ಮುಂದೆ ಎರಡು ಲ್ಯಾಪ್‌ಟಾಪುಗಳು, ನಡುವೆ ಪೇಪರಿನ ಮೇಲೆ ಆ ನೀಲಿ ಪದರ. ಬಸ್ಸಿನಲ್ಲಿ ಅವಳು ಹುಡುಕುತ್ತಿದ್ದ ನೆಪ ಇಲ್ಲಿ ಕೇಳದೆಯೇ ಸಿಕ್ಕಿತ್ತು. 'ಅಕ್ಕ, ಸುಳ್ಳು ಹೇಳಿ ಮಾರ್ತಾವ್ರೆ, ಧೂಳು ತುಂಬೈತೆ, ಬ್ಯಾಡ.' ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಉಷಾರಾಣಿ ನಂಬುತ್ತಾಳೆ. ನಂಬುವುದಷ್ಟೇ ಅಲ್ಲ, ಸಿದ್ದರಾಮೇಶನನ್ನು ಫೋನಿನಲ್ಲೇ ಬೈದು ಬದಿಗಿಡುತ್ತಾಳೆ. ಸಂಜೆಗೆ ಹಳೆಯದು ಮತ್ತೆ ಮೂಲೆಯ ಮೇಜಿಗೆ ಬರುತ್ತದೆ, ಕೋನು, ಕತ್ತರಿ ತಮ್ಮ ಜಾಗಕ್ಕೆ ಬರುತ್ತವೆ. ರಮ್ಯಶ್ರೀ ಬಂದರೂ ಎರಡು ದಿನ ತಂತಿ ತಿರುಗಿಸಿ ಬೇಸತ್ತು ಹೋಗುತ್ತಾಳೆ.

ಆಮೇಲೆ? ಒಂದು ದಿನ ಹಳೆಯದು ಆರಿದ್ದು ಮತ್ತೆ ಹತ್ತುವುದಿಲ್ಲ. ಅದು ಈ ವೈಶಾಖದಲ್ಲೋ, ಮುಂದಿನ ಶ್ರಾವಣದಲ್ಲೋ, ಅಷ್ಟೇ. ಅಲ್ಲಿಯ ತನಕ ಪ್ರತಿ ಸಲ ಅದು ಆರಿದಾಗಲೂ, ಯಾರದೋ ಮದುವೆಯ ಬ್ಲೌಸು ತೋಳಿನ ಹತ್ತಿರ ನಿಂತಾಗಲೂ, ಈ ತಣ್ಣನೆಯ ಅಡಿಯ ಮೇಲೆ ಅಂಗೈ ಇಟ್ಟು ನೋಡಿದ್ದು ಅವಳಿಗೆ ನೆನಪಾಗದೆ ಇರುತ್ತದೆಯೇ?

ಹಳೆಯದನ್ನು ತಾನು ಯಾಕೆ ನಂಬಿದ್ದೆ ಎಂದು ಯೋಚಿಸಿದಳು. ಅದು ಒಳ್ಳೆಯದೆಂದು ಅಲ್ಲ. ಅದರ ಯಾವ ಕೀಲು ಎಲ್ಲಿ ಮುರಿದಿದೆಯೆಂದು ಗೊತ್ತಿತ್ತು, ಅದಕ್ಕೆ. ಡಾಕ್ಟರ್ ಮಗಳ ಲ್ಯಾಪ್‌ಟಾಪಾಗಿದ್ದರೆ ಅದರ ಬಗ್ಗೆ ಅವಳಿಗೇನೂ ಗೊತ್ತಾಗುತ್ತಿರಲಿಲ್ಲ. ಇದು ಎಲ್ಲಿ ದುಡಿದಿದೆ, ಏನು ನುಂಗಿದೆ, ಯಾವ ಬೆರಳು ಇದರ ಯಾವ ಅಂಕಿಯನ್ನು ಸವೆಯಿಸಿದೆ ಎಂಬುದು ಈಗ ಗೊತ್ತು. ನಾಲ್ಕು ವರ್ಷ ಯಾವಳೋ ಒಬ್ಬಳು ಇದರ ಮುಂದೆ ಕೂತು ಮೂವತ್ತೆರಡು, ಮೂವತ್ನಾಲ್ಕು ಎಂದು ಒತ್ತಿದ್ದಾಳೆ. ಗಾರ್ಮೆಂಟ್ಸು ಮುಚ್ಚಿದ ದಿನ ಅವಳು ಎಲ್ಲಿಗೆ ಹೋದಳೋ. ಲ್ಯಾಪ್‌ಟಾಪು ಮಾತ್ರ ಇಲ್ಲಿಗೆ ಬಂತು.

ಆ ಯೋಚನೆ ಬಂದದ್ದೇ ದುರ್ಗಾ ಹಳೆಯದರತ್ತ ತಿರುಗಿದಳು. ಪರದೆ ಮುಚ್ಚಿತ್ತು. ಕೋನು ತರಲು ಮರೆತಿದ್ದಳು.

ಫೋನು ಹಚ್ಚಿದಳು.

"ಹೂಂ, ಹೇಳವ್ವ. ಚಲೋ ಐತೋ ಇಲ್ಲೋ?"

"ಚೆನ್ನಾಗೈತೆ ಅಕ್ಕ," ಎಂದಳು ದುರ್ಗಾ. ಇನ್ನು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. "ಡಾಕ್ಟರ್ ಮಗಳದ್ದು ಅಂತ ಏಳಿದ್ರು. ಅಲ್ಲ. ಗಾರ್ಮೆಂಟ್ಸದ್ದು. ಬಿಚ್ಚಿಸಿ ನೋಡಿದೀನಿ. ಕೆಲಸಕ್ಕೆ ತಡೀತದೆ."

"ಆ ಸಿದ್ದ ಡಾಕ್ಟರ್ ಕತಿ ಹೇಳಿದ್ನೇನು? ನಮ್ಮ ತಮ್ಮಗ ಹೆಡ್‌ಮಾಸ್ಟರ್ ಕತಿ ಹೇಳಿದ್ದ. ಕೊಡು ಅವನ ಕೈಗೆ ಫೋನು."

"ಕೊಡ್ತೀನಿ. ಇನ್ನೊಂದು ಮಾತೈತೆ ಅಕ್ಕ."

ಆರು ವರ್ಷದಲ್ಲಿ ದುರ್ಗಾ ಇನ್ನೊಂದು ಮಾತಿದೆ ಎಂದದ್ದೇ ಇರಲಿಲ್ಲ.

"ಹಳೇದು ಎಕ್ಸ್‌ಚೇಂಜಿಗೆ ಬ್ಯಾಡ. ನನಗೆ ಬೇಕು. ಅದರ ದುಡ್ಡು ನನ್ನ ಸಂಬಳದಲ್ಲಿ ಹಿಡ್ಕಳಿ."

"ಆ ಮುದಿ ಡಬ್ಬಿ ತಗೊಂಡೇನ್ ಮಾಡ್ತೀ?"

"ಮನೇಲಿ ಡಿಸೈನ್ ಬರೀತೀನಿ." ದುರ್ಗಾಳ ಬೆರಳು ಪೇಪರಿನ ಮೇಲಿನ ನೀಲಿಯನ್ನು ಹಿಸುಕುತ್ತಿತ್ತು. "ರಮ್ಯಶ್ರೀ ಬಂದ ಮೇಲೆ ಮೂಲೇಲಿ ನನಗೆ ಜಾಗ ಇರ್ತದೋ ಇಲ್ವೋ."

ಫೋನಿನಲ್ಲಿ ಅಂಗಡಿಯ ಹೊಲಿಗೆ ಮಿಷನ್ನಿನ ಟಕಟಕ ಸದ್ದು ಮಾತ್ರ ಕೇಳಿಸಿತು. ಆಮೇಲೆ ಅದೂ ನಿಂತಿತು. ಉಷಾರಾಣಿ ನಿಲ್ಲಿಸಿರಬೇಕು.

"ಮಿಷನ್ನಿನ ಕೆಳಗ ಕುಂತು ಎಲ್ಲಾ ಕೇಳಿಸ್ಕೊಂಡೀಯೇನು?"

"ಹೂಂ."

"ಎಂಟು ದಿನ ಆತು. ಬಾಯಿ ಬಿಡಲಿಲ್ಲಲ್ಲ ನೀ. ಅಲ್ಲಿ ಕುಂತು ಇದು ಕೆಟ್ಟೈತಿ ಅಂದಿದ್ರ ನನಗೇನ್ ತಿಳೀತಿತ್ತು?"

ದುರ್ಗಾ ಪೇಪರಿನ ಮೇಲಿನ ನೀಲಿಯನ್ನು ಒಂದೆಡೆ ಗುಡ್ಡೆ ಮಾಡಿದಳು.

"ನೋಡವ್ವ, ಸುಳ್ಳು ಹೇಳಂಗಿಲ್ಲ ನಾ," ಎಂದಳು ಉಷಾರಾಣಿ, ದನಿ ಇಳಿಸಿ. "ಆಕಿ ಬರೋದಂತೂ ಬರ್ತಾಳ. ನಮ್ಮಕ್ಕಗ ಮಾತು ಕೊಟ್ಟೀನಿ. ಆಕಿಗೆ ಕಲಿಸೋದು ನೀನೇ, ನನಗಂತೂ ಬರಂಗಿಲ್ಲ. ಮುಂದ ಇಬ್ಬರಿಗೂ ಕೆಲಸ ಇರ್ತೈತೋ ಇಲ್ಲೋ, ನನಗೂ ಗೊತ್ತಿಲ್ಲ. ಹಳೇದನ್ನ ತಗೊಂಡು ಬಾ. ಸಂಬಳದಾಗೇನೂ ಹಿಡಿಯಂಗಿಲ್ಲ. ಮೊದಲು ಅವನಿಗೆ ಕೊಡು ಫೋನು."

ಸಿದ್ದರಾಮೇಶ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಕೇಳಿಸಿಕೊಂಡ. ಎರಡು ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಡುವಾಗ, "ಸುಳ್ಳೂ ಹಿಡದಿ, ಎಕ್ಸ್‌ಚೇಂಜೂ ತಪ್ಪಿಸಿದಿ," ಎಂದ. "ಉಷಾಗ ಹೇಳು, ಮುಂದಿನ ಸಲ ಮಾತಾಡೋ ಮಂದೀನ ಕಳ್ಸು ಅಂತ. ಮಾತಾಡೋರು ಏನೂ ನೋಡಂಗಿಲ್ಲ."

"ಕೈ ಒರಸ್ಕೊ ಹುಡುಗಿ," ಎಂದಳು ದ್ಯಾಮಮ್ಮ. ದುರ್ಗಾಳ ಎರಡು ಬೆರಳು ನೀಲಿಯಾಗಿದ್ದವು. ಅವಳು ಚೂಡಿದಾರದ ದುಪಟ್ಟಾಕ್ಕೆ ಒರೆಸಿದಳು. ಪೂರ್ತಿ ಹೋಗಲಿಲ್ಲ.

ಕಲ್ಯಾಣದುರ್ಗದಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಿಸಿಲು ಇನ್ನೂ ಇತ್ತು. ಹಳೆಯ ಲ್ಯಾಪ್‌ಟಾಪನ್ನು ತನಗೂ ಕಿಟಕಿಗೂ ನಡುವೆ ಒತ್ತರಿಸಿ ಇಟ್ಟಳು. ಹೊಸದು ತೊಡೆಯ ಮೇಲಿತ್ತು. ಸ್ವಲ್ಪ ದೂರ ಹೋದ ಮೇಲೆ, ಕದ್ದು ನೋಡುವವಳಂತೆ, ಅದರ ಮುಚ್ಚಳ ಎತ್ತಿದಳು. ಗೋಡೆಯ ಪ್ಲಗ್ಗಿಲ್ಲದ ಕಡೆ ಅವಳು ಲ್ಯಾಪ್‌ಟಾಪು ತೆರೆದದ್ದು ಇದೇ ಮೊದಲು. ಖಾಲಿ ಪರದೆ ಬೆಳಗಿತು. ನೋಡಿ ಇಳಿಸಲು ಎದುರಿಗೆ ಯಾರ ಫೋನೂ ಇರಲಿಲ್ಲ. ಆಚೆ ಹೊಂಗೆ ಮರಗಳು ಹಿಂದಕ್ಕೆ ಹೋಗುತ್ತಿದ್ದವು. ಅವಳು ಒಂದು ಹೊಂಗೆ ಎಲೆ ಬರೆದಳು. ಬಸ್ಸು ಎತ್ತಿಹಾಕಿದಾಗ ಎಲೆಯ ಅಂಚು ಸೊಟ್ಟಗಾಯಿತು. ಸರಿ ಮಾಡಹೋದವಳು ಹಾಗೇ ಬಿಟ್ಟಳು. ಮರದಲ್ಲಿದ್ದವೂ ಹಾಗೇ ಇದ್ದವು. ಎಡಗೈ ಬೆರಳುಗಳು ತಾವಾಗಿಯೇ ಹೋಗಿ ಸೇವ್ ಒತ್ತಿದವು.

ಪಕ್ಕದಲ್ಲಿ ಕೂತಿದ್ದ ಹೆಂಗಸು ಆಗಿನಿಂದ ನೋಡುತ್ತಿದ್ದಳು. "ಏನಮ್ಮ ಅದು, ಎಲೆನಾ?"

"ಹೂಂ. ಬ್ಲೌಸಿಗೆ."

"ಯಾರ್ದು ಬ್ಲೌಸು?"

"ಇನ್ನೂ ಯಾರ್ದೂ ಅಲ್ಲ," ಎಂದಳು ದುರ್ಗಾ, ಮತ್ತು ಎರಡನೆಯ ಎಲೆಗೆ ಶುರುಮಾಡಿದಳು.